ಲೊರೆಟ್ಟಾ ಕೇಳಿದ್ದ ಒಂದು ಮಾತು

ಸೂರ್ಯನಾರಾಯಣರ ಮನೆಯಲ್ಲಿ ನಲ್ಲಿಗಳಿಗೂ ಚೀಟಿ ಇತ್ತು. ಬಚ್ಚಲ ನಲ್ಲಿ, ಅಡುಗೆಮನೆಯ ಗ್ಯಾಸ್, ಗ್ಯಾರೇಜಿನ ವಾಟರ್ ಹೀಟರ್, ಹಿತ್ತಲ ಸ್ಪ್ರಿಂಕ್ಲರ್, ಎಲ್ಲದರ ಪಕ್ಕದಲ್ಲೂ ಒಂದು ಹಳದಿ ಚೀಟಿ. ಯಾರು ತೆರೆದರು, ಯಾರು ಮುಚ್ಚಿದರು, ಎಷ್ಟು ಹೊತ್ತಿಗೆ ಎಂದು ಅದರ ಮೇಲೆ ಬರೆಯಬೇಕು. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡಿನ ಕನ್ನಡದವರಿಗೆಲ್ಲ ಇದೊಂದು ಹಳೆಯ ತಮಾಷೆ. ಒಮ್ಮೆ ಯುಗಾದಿ ಊಟಕ್ಕೆ ಬಂದ ಗೋವಿಂದರಾಜು ಕೈ ತೊಳೆದವನೇ, 'ಗೋವಿಂದರಾಜು, ಒಂದು ಗಂಟೆ ಹತ್ತು ನಿಮಿಷ, ಮುಚ್ಚಿದೆ' ಎಂದು ತಾನೇ ಬರೆದು ಅಂಟಿಸಿ ಬಂದಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೂರ್ಯನಾರಾಯಣರೂ ನಕ್ಕರು. ಅನಸೂಯಾ ಮಾತ್ರ ಪಾಯಸದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆ ಚೀಟಿಗಳು ಎಲ್ಲಿಂದ ಬಂದವು ಎಂದು ಅವಳಿಗೆ ಗೊತ್ತಿತ್ತು, ಅವಳೊಬ್ಬಳಿಗೇ ಗೊತ್ತಿತ್ತು. ಗಂಡಹೆಂಡಿರು ಆ ಮಾತನ್ನು ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಆಡಿದವರಲ್ಲ.

2015ರ ಫೆಬ್ರವರಿಯ ಮೊದಲ ಭಾನುವಾರ ಹ್ಯೂಸ್ಟನ್ನಿನ ಶಿಪ್ ಚಾನೆಲ್ ಎಂಬ ಹಡಗುಕಾಲುವೆಯ ಕಡೆಯ ಎಣ್ಣೆ ರಿಫೈನರಿಗಳಲ್ಲಿ ಮುಷ್ಕರ ಶುರುವಾಯಿತು. ಮಗ ನಿಖಿಲ್ ಅಲ್ಲೊಂದು ರಿಫೈನರಿಯಲ್ಲಿ ಎಂಜಿನಿಯರ್. ಅಪ್ಪ ಸೂರ್ಯನಾರಾಯಣರು ಮೂವತ್ತು ವರ್ಷ ದುಡಿದು ರಿಟೈರ್ ಆದದ್ದೂ ಅಲ್ಲೇ. ಕವಾಟ ತಿರುಗಿಸುವ, ಪಂಪು ನೋಡುವ ಆಪರೇಟರುಗಳು ಯೂನಿಯನ್ನಿನವರು. ಅವರು ಹೊರಗೆ ಕೂತರೆ ಪ್ಲಾಂಟ್ ನಿಲ್ಲುವುದಿಲ್ಲ. ಸಂಬಳದ ಎಂಜಿನಿಯರುಗಳನ್ನು ಅವರ ಜಾಗಕ್ಕೆ ಕಳಿಸುತ್ತಾರೆ, ಹನ್ನೆರಡು ಗಂಟೆಯ ಪಾಳಿ, ಹದಿಮೂರು ದಿನ ಸತತ, ಹದಿನಾಲ್ಕನೆಯ ದಿನ ರಜೆ. ನಿಖಿಲನಿಗೂ ಕರೆ ಬಂತು.

"ಸ್ಟ್ರೈಕ್ ಮಾಡೋರು ಕೇಳ್ತಿರೋದೇ ಇದು ತಾನೆ?" ಎಂದಳು ಸೊಸೆ ಶ್ರಾವಣಿ. ಅವಳು ಧಾರವಾಡದವಳು, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುವವಳು, ಗಂಡನೊಡನೆ ಬೆಂಗಳೂರು ಮಾತು, ಅತ್ತೆ ಮಾವನೊಡನೆ ತವರಿನ ಮಾತು. "ಇಷ್ಟು ದಿನ ದುಡಿಸಬೇಡಿ, ಸುಸ್ತಾದೋರ ಕೈಲಿ ತಪ್ಪಾಗುತ್ತೆ ಅಂತ. ಈಗ ಅದನ್ನೇ ನಿನ್ನ ಕೈಲಿ ಮಾಡಿಸ್ತಾರೆ."

"ನನಗೆ ಚಾಯ್ಸ್ ಇಲ್ಲ. ನಾನು ಯೂನಿಯನ್ ಅಲ್ಲ. ಬರಲ್ಲ ಅಂದ್ರೆ ಬ್ಯಾಡ್ಜ್ ಇಟ್ಟು ಹೋಗು ಅಂತಾರೆ."

ಶ್ರಾವಣಿ ಅತ್ತೆಯ ಕಡೆ ತಿರುಗಿದಳು. "ನಮ್ಮ ಅಪ್ಪಾರು ಬ್ಯಾಂಕಿನ ಯೂನಿಯನ್ನಾಗ ಇದ್ರು, ಅತ್ತೀ. ಸ್ಟ್ರೈಕ್ ನಡದಾಗ ಒಳಗ ಹೋದಾವ್ರ ಮನಿಗೆ ನಮ್ಮ ಓಣ್ಯಾಗ ಯಾರೂ ಅರಿಶಿನ ಕುಂಕುಮಕ್ಕ ಹೋಗ್ತಿದ್ದಿಲ್ರಿ."

ಅನಸೂಯಾ ಚಪಾತಿ ಸುತ್ತಿ ಡಬ್ಬಿ ಕಟ್ಟಿದಳು.

ಹೀಗೆ ಮೂರು ವಾರ ನಡೆಯಿತು. ನಿಖಿಲ್ ಬೆಳಗಿನ ಜಾವ ಹೊರಟು ಸಂಜೆ ಏಳಕ್ಕೆ ಬಂದು, ಮಗಳು ಸಿಯಾಳ ಹೋಮ್‌ವರ್ಕ್ ನೋಡುತ್ತ ಕೂತಲ್ಲೇ ತೂಕಡಿಸುತ್ತಿದ್ದ. ಶ್ರಾವಣಿ ತನ್ನ ಮೀಟಿಂಗುಗಳ ನಡುವೆ ಸಿಯಾಳನ್ನು ಶಾಲೆಗೆ, ಈಜಿಗೆ, ಡಾಕ್ಟರ ಹತ್ತಿರ ಒಬ್ಬಳೇ ಓಡಾಡಿಸಿ ಸಿಡುಕುತ್ತಿದ್ದಳು. ಸೂರ್ಯನಾರಾಯಣರದ್ದು ಮಾತ್ರ ಬೇರೆಯೇ ವರಸೆ. ದಿನಾ ಸಂಜೆ ಮಗನ ಕಾರಿನ ಸದ್ದಾದರೆ ಗ್ಯಾರೇಜಿನ ಬಾಗಿಲಲ್ಲಿ ನಿಂತಿರುತ್ತಿದ್ದರು. ಬೂಟು ಬಿಚ್ಚುವ ಮೊದಲೇ, ಪಾಳಿಯಲ್ಲಿ ಮಾಡಿದ್ದನ್ನೆಲ್ಲ ದಾಖಲಿಸುವ ಪ್ಲಾಂಟಿನ ಪುಸ್ತಕದ ಮಾತು ಕೇಳುತ್ತಿದ್ದರು:

"ಲಾಗ್ ಬರೆದೆಯಾ?"

"ಬರೆದೆ ಅಪ್ಪ."

"ಎಲ್ಲ ಬರೆದೆಯಾ? ಮುಟ್ಟಿದ್ದೆಲ್ಲ?"

"ಈಗ ಎಲ್ಲ ಕಂಪ್ಯೂಟರು. ಅದೇ ಬರ್ಕೊಳುತ್ತೆ."

"ಕೈಯಲ್ಲಿ ತಿರುಗಿಸೋ ವಾಲ್ವು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ?"

ನಿಖಿಲ್ ಬೂಟು ಬಿಚ್ಚಿಟ್ಟು ಒಳಗೆ ಹೋಗುತ್ತಿದ್ದ. ಮನೆಯಲ್ಲಿ ಚೀಟಿಗಳು ಹೆಚ್ಚಾದವು. ಫ್ರಿಜ್ಜಿನ ಬಾಗಿಲಿಗೆ ಬಂತು, ಸಿಯಾಳ ಟೇಬಲ್ ಲ್ಯಾಂಪಿಗೂ ಬಂತು. "ತಾತ ಈಸ್ ಬೀಯಿಂಗ್ ವಿಯರ್ಡ್," ಎಂದು ಹುಡುಗಿ ಅಜ್ಜಿಯ ಹತ್ತಿರ ದೂರು ತಂದಳು. ಬಿಡು ಮರಿ, ತಾತನಿಗೆ ವಯಸ್ಸಾಯ್ತು ಎಂದು ಅನಸೂಯಾ ಸಮಾಧಾನ ಹೇಳಿದಳು. ವಯಸ್ಸಿಗೂ ಅದಕ್ಕೂ ಸಂಬಂಧವಿರಲಿಲ್ಲ. ಈಚೆಗೆ ಅವಳಿಗೂ ದಿನಾ ಪಾತ್ರೆ ತೊಳೆಯುವಾಗ ಹಿಂದೆ ಯಾರೋ ಬಂದು ನಿಂತ ಹಾಗಾಗುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ. ಬಂದು ನಿಲ್ಲುವವಳು ಯಾರೆಂದು ಅವಳಿಗೆ ತಿರುಗದೆಯೂ ಗೊತ್ತಿತ್ತು.

ನಾಲ್ಕನೆಯ ವಾರದ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಅನ್ನ, ಹುರುಳಿಕಾಯಿ ಪಲ್ಯ, ನಿಂಬೆಹಣ್ಣಿನ ಸಾರು. ನಿಖಿಲ್ ತಾನಾಗಿಯೇ ಮಾತೆತ್ತಿದ. ತನ್ನನ್ನು ಇವತ್ತಿನಿಂದ ಡಾರ್ಲಾಳ ಜಾಗಕ್ಕೆ ಹಾಕಿದ್ದಾರೆ ಎಂದ. ಡಾರ್ಲಾ ಆಪರೇಟರು. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೈಪಿಗೆ ಕಿವಿ ಕೊಟ್ಟು ಒಳಗಿನ ಹರಿವು ಕೇಳುವುದನ್ನು ಕಲಿಸಿದವಳು. ಈಗ ಗೇಟಿನ ಮುಂದೆ ಬೋರ್ಡು ಹಿಡಿದು ನಿಲ್ಲುವವರ ಮುಂದಾಳು.

"ಬೆಳಿಗ್ಗೆ ಕಾರಿನ ಹತ್ತಿರ ಬಂದ್ಲು. ಬೈತಾಳೆ ಅಂದ್ಕೊಂಡೆ. ಬಗ್ಗಿ ಹೇಳಿದ್ಲು, 'ಆರನೇ ನಂಬರ್ ಡ್ರೇನ್ ತೆರೀಬೇಕಾದ್ರೆ ಎರಡು ಸಲ ನೋಡು, ನಮ್ಮಪ್ಪ ಸತ್ತಿದ್ದು ಅಲ್ಲೇ' ಅಂತ. ಮೂವತ್ತೈದು ವರ್ಷ ಆಯ್ತಂತೆ. ಒಳಗೆ ಹಳೆಯ ಸೂಪರ್‌ವೈಸರ್ ಒಬ್ಬರನ್ನ ಕೇಳಿದೆ. ಅವಳಪ್ಪ, ಆ ಹೊಯ್ಟ್ ಅನ್ನೋನು, ಕುಡಿದು ಬಂದಿದ್ದ, ಅವನದೇ ತಪ್ಪು ಅಂದ್ರು. ಅಪ್ಪ, ನಿಮಗೆ ಗೊತ್ತಿರಬೇಕಲ್ಲ, ನೀವು ಆಗ ಅಲ್ಲೇ ಇದ್ರಿ."

ತಟ್ಟೆಯಲ್ಲಿ ಒಂದಗುಳು ಬಿಡದ ಸೂರ್ಯನಾರಾಯಣರು ಕಲಸಿದ ಅನ್ನ ಬಿಟ್ಟು ಎದ್ದರು. ಕೈ ತೊಳೆದು ಹಿತ್ತಲಿಗೆ ಹೋದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅನಸೂಯಾ ತನ್ನ ಎರಡು ಕೈಗಳನ್ನೂ ಮೇಜಿನ ಕೆಳಗೆ ಇಟ್ಟುಕೊಂಡಳು.

"ಅಪ್ಪಂಗೆ ಏನಾಯ್ತು?" ಎಂದ ನಿಖಿಲ್.

"ಎದೆ ಉರಿ ಇರಬೇಕು," ಎಂದಳು ಅನಸೂಯಾ.

ಹೊಯ್ಟ್ ಅವರ ಪಕ್ಕದ ಮನೆಯವನು. 1980ರಲ್ಲಿ ಅವರು ರಿಫೈನರಿಗಳ ಮಗ್ಗುಲಿನ ಊರು ಪ್ಯಾಸಡಿನಾದಲ್ಲಿ ಬಾಡಿಗೆಗಿದ್ದರು. ಆ ವರ್ಷವೂ ಮುಷ್ಕರ, ಮೂರು ತಿಂಗಳದ್ದು. ಸೂರ್ಯನಾರಾಯಣರು ಎಳೆಯ ಎಂಜಿನಿಯರ್, ಪ್ಲಾಂಟಿನೊಳಗೇ ಮಂಚ ಹಾಕಿಸಿಕೊಂಡು ಆಪರೇಟರುಗಳ ಕೆಲಸ ಮಾಡುತ್ತಿದ್ದರು. ಹೊಯ್ಟ್ ಗೇಟಿನ ಹೊರಗೆ. ಅನಸೂಯಾ ಮೈಸೂರಿನಿಂದ ಬಂದು ಎರಡು ವರ್ಷವೂ ಆಗಿರದ, ದಿನ ತುಂಬಿದ ಬಸುರಿ, ಮನೆಯಲ್ಲಿ ಒಬ್ಬಳೇ. ನೋವು ಬಂದ ದಿನ ಅವಳು ಬಾಗಿಲು ಬಡಿದದ್ದು ಹೊಯ್ಟನ ಹೆಂಡತಿ ಲೊರೆಟ್ಟಾಳದ್ದು. ಲೊರೆಟ್ಟಾ ತನ್ನ ಹಳೆಯ ಪಿಕಪ್‌ನಲ್ಲಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ನೋವು ಮರೆಸಲೆಂದು ತನ್ನ ಅಪ್ಪನ ಕತೆ ಹೇಳಿದಳು. ಮೂವತ್ತರ ದಶಕದಲ್ಲಿ ಅವನು ಯೂನಿಯನ್ನಿನ ಕಾರ್ಡನ್ನು ಶೂ ಒಳಗೆ ಬಚ್ಚಿಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದನಂತೆ. ಸಿಕ್ಕಿಬಿದ್ದವರಿಗೆ ಕೆಲಸವೂ ಇಲ್ಲ, ಹಲ್ಲೂ ಇಲ್ಲ. ನನ್ನ ಗಂಡ ಒಳಗೆ ಹೋಗಿದ್ದಾನಲ್ಲ, ನಿಮಗೆ ಕೋಪ ಇಲ್ಲವೇ ಎಂದು ಅನಸೂಯಾ ತನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದ್ದಳು. ನಿನ್ನ ಗಂಡನ ಮೇಲಿದೆ, ಹುಟ್ಟೋ ಮಗುವಿಗೆ ಯಾವ ಪಕ್ಷವೂ ಇಲ್ಲ ಎಂದಿದ್ದಳು ಲೊರೆಟ್ಟಾ. ಹಾಗೆ ಹುಟ್ಟಿದವನು ನಿಖಿಲ್.

ಅದೇ ಮಧ್ಯಾಹ್ನ ಪ್ಲಾಂಟಿನಲ್ಲಿ ಒಂದು ಪೈಪು ಕಟ್ಟಿಕೊಂಡಿತ್ತು. ಸೂರ್ಯನಾರಾಯಣರು ಕುದಿಯುವ ಎಣ್ಣೆಯನ್ನು ಯಾವಾಗಲೂ ಖಾಲಿ ಇರುವ ಇನ್ನೊಂದು ಪೈಪಿಗೆ ತಿರುಗಿಸಿದರು. ಪೈಪಿನಲ್ಲಿ ಉಳಿದದ್ದನ್ನು ಹೊರಗೆ ಬಸಿಯುವ ಆರನೇ ನಂಬರಿನ ಡ್ರೇನ್ ವಾಲ್ವು ಅದರದ್ದೇ. ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯುವಂಥದ್ದಲ್ಲ. ಕೆಲಸದ ನಡುವೆ ಎಲ್ಲವನ್ನೂ ಜೇಬಿನ ಪುಟ್ಟ ಪುಸ್ತಕದಲ್ಲಿ ಕನ್ನಡದಲ್ಲಿ ಗೀಚಿಕೊಂಡು, ಪಾಳಿಯ ಕೊನೆಗೆ ಲಾಗಿನಲ್ಲಿ ಇಂಗ್ಲಿಷಿಗೆ ಇಳಿಸುವುದು ಅವರ ಅಭ್ಯಾಸ. ಅಂದೂ ಗೀಚಿಕೊಂಡರು. ಅಷ್ಟರಲ್ಲಿ ಗಂಡುಮಗು ಎಂದು ಫೋನು ಬಂತು. ಓಡಿದರು. ಲಾಗಿನಲ್ಲಿ ಬರೆಯುವುದು ಮರೆತೇಹೋಯಿತು. ನಾಲ್ಕು ದಿನಕ್ಕೆ ಮುಷ್ಕರ ಮುಗಿಯಿತು. ವಾಪಸು ಬಂದ ಎರಡನೆಯ ದಿನ ಹೊಯ್ಟ್ ಖಾಲಿ ಪೈಪೆಂದು ನಂಬಿ ಆರನೇ ನಂಬರ್ ತೆರೆದ. ಕುದಿಯುವ ಎಣ್ಣೆ ಮೈಮೇಲೆ ಸುರಿಯಿತು. ಎರಡು ದಿನ ಜೀವ ಹಿಡಿದು ಹೋದ.

ಬಾಣಂತಿ ಎಂದು ಕೂರಿಸಿ ಎರೆಯುವವರು ಅನಸೂಯಾಳಿಗೆ ಅಲ್ಲಿ ಯಾರಿದ್ದರು? ಹೊಯ್ಟ್ ಸತ್ತ ಮಾರನೆಯ ದಿನ ಬಟ್ಟೆ ಒಗೆಯಲು ಗಂಡನ ಅಂಗಿ ಎತ್ತಿಕೊಂಡರೆ ಜೇಬಿನಲ್ಲಿ ಆ ಪುಸ್ತಕ. ತೆರೆದು ಓದಿದಳು. 'ಎಣ್ಣೆ 6ರ ಪೈಪಿಗೆ ತಿರುಗಿಸಿದೆ. ಲಾಗಿಗೆ ಹಾಕಬೇಕು.' ಕೆಳಗೆ ತಾರೀಖು, ಮಗು ಹುಟ್ಟಿದ ತಾರೀಖು. ಅವಳಿಗೆ ಇಪ್ಪತ್ತಮೂರು ವರ್ಷ. ಗ್ರೀನ್ ಕಾರ್ಡ್ ಬಂದಿರಲಿಲ್ಲ. ತೊಟ್ಟಿಲಲ್ಲಿ ಮಗು. ಪುಸ್ತಕವನ್ನು ಮತ್ತೆ ಜೇಬಿಗೇ ಸೇರಿಸಿ, ಅಂಗಿಯನ್ನು ಮೆಷಿನ್ನಿಗೆ ಹಾಕಿ, ಸೋಪಿನಪುಡಿ ಸುರಿದು ಗುಂಡಿ ಒತ್ತಿದಳು. ಸಂಜೆ ಸೂರ್ಯನಾರಾಯಣರು ಜೇಬಿಗೆ ಕೈ ಹಾಕಿದರು. ಒದ್ದೆ ಕಾಗದದ ಮುದ್ದೆ ಬಂತು. ಅವಳ ಮುಖ ನೋಡಿದರು. ಮುದ್ದೆಯನ್ನು ಕಸದ ಬುಟ್ಟಿಗೆ ಹಾಕಿದರು.

ಮಣ್ಣು ಮಾಡಿದ ಮೇಲೆ ಲೊರೆಟ್ಟಾ ಬಂದು ಅವಳ ಅಡುಗೆಮನೆಯಲ್ಲಿ ಕೂತಿದ್ದಳು. ಕುಡಿದು ಬಂದಿದ್ದ ಎಂದು ಕಂಪನಿಯವರು ಬರೆದಿದ್ದಾರೆ ಎಂದಳು. ನಿನ್ನ ಗಂಡ ಒಳಗಿದ್ದವನಲ್ಲವೇ, ಏನಾದರೂ ಹೇಳಿದನೇ, ನಿನಗೇನಾದರೂ ಗೊತ್ತೇ ಎಂದು ಕೇಳಿದಳು. ಅನಸೂಯಾ ಇಲ್ಲ ಎಂದಳು. ಲೊರೆಟ್ಟಾ ತನ್ನನ್ನು ಆಸ್ಪತ್ರೆಗೆ ಕರೆದೊಯ್ದು ಹದಿನೈದು ದಿನವೂ ಆಗಿರಲಿಲ್ಲ. ಆ ಬೇಸಿಗೆಯಲ್ಲೇ ಇವರು ಮನೆ ಬದಲಾಯಿಸಿದರು. ಅಂದಿನಿಂದ ಅನಸೂಯಾಳಿಗೆ ಬೆನ್ನ ಹಿಂದೆ ಲೊರೆಟ್ಟಾ ಬಂದು ನಿಂತ ಹಾಗಾಗತೊಡಗಿತು. ಮಗನ ಒಂದೊಂದು ಹುಟ್ಟುಹಬ್ಬಕ್ಕೂ ದೀಪ ಹಚ್ಚಿ ಆರತಿ ಎತ್ತುವಾಗ ಅವಳು ಅಲ್ಲೇ ಇರುತ್ತಿದ್ದಳು.

ಹದಿನಾಲ್ಕನೆಯ ದಿನದ ರಜೆ ಬಂತು. ಶ್ರಾವಣಿ ಸಿಯಾಳನ್ನು ಕರೆದುಕೊಂಡು ಪೇಟೆಗೆ ಹೋಗಿದ್ದಳು. ನಿಖಿಲ್ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ. ಅನಸೂಯಾ ದೋಸೆ ಹುಯ್ಯುತ್ತಿದ್ದಳು.

"ನೀನು ನಾಳೆಯಿಂದ ಹೋಗಬೇಡ," ಎಂದಳು.

"ಮತ್ತೆ ಶುರು ಮಾಡಬೇಡ ಅಮ್ಮ. ಶ್ರಾವಣಿ ಹೇಳಿದ್ದು ಸಾಲದಾ?"

"ಆ ಹುಡುಗಿ ಜಾಗದಲ್ಲಿ ನೀನು ನಿಲ್ಲಬೇಡ ನಿಖಿಲ್. ಅವರಪ್ಪ ಕುಡಿದಿರಲಿಲ್ಲ."

"ನಿನಗೆ ಹೇಗೆ ಗೊತ್ತು?"

ಅವಳು ಒಲೆ ಆರಿಸಿ ಹೇಳಿದಳು. ಬಾಯಲ್ಲಿಟ್ಟ ಬಿಸಿತುಪ್ಪ ಮೂವತ್ತೈದು ವರ್ಷ ಇತ್ತು, ಉಗುಳಲು ಹತ್ತು ನಿಮಿಷ ಸಾಕಾಯಿತು. ಪುಸ್ತಕದ ಸಾಲು ಹೇಳಿದಳು, ಮೆಷಿನ್ನಿನ ಮಾತು ಹೇಳಿದಳು, ಲೊರೆಟ್ಟಾಳ ಮಾತು ಹೇಳಿದಳು. ಅರ್ಧದಲ್ಲಿ ಸೂರ್ಯನಾರಾಯಣರು ಬಂದು ಬಾಗಿಲಿಗೆ ಒರಗಿ ನಿಂತದ್ದನ್ನು ನೋಡಿಯೂ ನಿಲ್ಲಿಸಲಿಲ್ಲ.

ನಿಖಿಲ್ ಅಪ್ಪನನ್ನು ನೋಡಿದ. "ನಾನು ಹುಟ್ಟಿದ ದಿನಾನಾ?"

"ಹೌದು," ಎಂದರು ಸೂರ್ಯನಾರಾಯಣರು.

"ಡಾರ್ಲಾ ದಿನಾ ನನ್ನ ಕಾರು ನೋಡ್ತಾಳೆ. ಕಲ್ಲು ಹೊಡೆಯಲ್ಲ, ಬೈಯಲ್ಲ. ನಾನು ಸಾಯಬಾರದು ಅಂತ ಬಂದು ಎಚ್ಚರ ಹೇಳ್ತಾಳೆ. ನೀವಿಬ್ರೂ ಗೊತ್ತಿದ್ದೂ ಸುಮ್ನೆ ಕೂತಿದ್ರಿ." ಅವನ ಧ್ವನಿ ಏರಲಿಲ್ಲ. "ನೀವೇ ಹೋಗಿ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ."

ಹೋಗಬೇಡ ಎಂದು ತಾಯಿ ಬೇಡಿಕೊಂಡರೂ ಅವನು ಮರುದಿನ ಹೋದ. ಹಾಗೆ ಎಲ್ಲ ಬಿಟ್ಟು ಬರಲು ಅದೇನು ಕತೆಯೇ? ಮನೆಯ ಕಂತಿತ್ತು, ಶಾಲೆಯಿತ್ತು. ಆ ಡ್ರೇನ್ ಏನೆಂದು ಈಗ ಸರಿಯಾಗಿ ಗೊತ್ತಿರುವವನು ಒಳಗೆ ತಾನೊಬ್ಬನೇ ಎಂದೂ ಹೇಳಿದ. ಅಂದು ಸಂಜೆ ಅವನ ಊಟದ ಡಬ್ಬಿ ತುಂಬಿದ್ದಂತೆಯೇ ವಾಪಸು ಬಂತು. ಮಾರನೆಯ ದಿನವೂ ಹಾಗೇ. ಚಪಾತಿ ಕಟ್ಟಿದರೂ ಅಷ್ಟೇ, ಅವನಿಗಿಷ್ಟದ ವಾಂಗೀಬಾತ್ ಕಟ್ಟಿದರೂ ಅಷ್ಟೇ. ಅವನು ಜಗಳವಾಡಲಿಲ್ಲ, ಬಾಗಿಲು ಬಡಿಯಲಿಲ್ಲ, ಡಬ್ಬಿಯನ್ನು ಸಿಂಕಿನ ಪಕ್ಕ ಇಟ್ಟು ಸ್ನಾನಕ್ಕೆ ಹೋಗುತ್ತಿದ್ದ. ಅನಸೂಯಾ ತಣ್ಣಗಾದ ಅನ್ನವನ್ನು ಕಸಕ್ಕೆ ಸುರಿಯುತ್ತಿದ್ದಳು. ನಾಲ್ಕನೆಯ ದಿನ ಅವಳು ಸೊಸೆಯ ಮುಂದೆಯೂ ಎಲ್ಲ ಹೇಳಿ, ಶನಿವಾರ ನನ್ನನ್ನು ಗೇಟಿಗೆ ಕರೆದುಕೊಂಡು ಹೋಗು ಎಂದಳು. ಡ್ರೈವ್ ಮಾಡಲು ಬರುತ್ತಿತ್ತು, ಆದರೆ ಆ ದಾರಿಯಲ್ಲಿ ಒಬ್ಬಳೇ ಹೋಗುವ ಧೈರ್ಯ ಇರಲಿಲ್ಲ.

ಶ್ರಾವಣಿ ಲ್ಯಾಪ್‌ಟಾಪ್ ಮುಚ್ಚಿದಳು. "ಒಬ್ಬ ಲಾಯರನ್ನ ಕೇಳದಽ ಹೋಗೋದು ಬ್ಯಾಡ್ರಿ, ಅತ್ತೀ."

"ಲಾಯರು ಸುಮ್ಮನಿರಿ ಅಂತಾನೆ. ಸುಮ್ಮನಿರೋದು ನನಗೆ ಬರುತ್ತೆ."

"ಹಂಗಾರ ಏನರ ಅಡಗಿ ಮಾಡ್ಕೊಂಡ್ ಹೋಗೂಣ್ರಿ. ಬರಿಗೈಲೆ ಹ್ಯಾಂಗ ಹೋಗೋದು? ಚರ್ಚಿನವ್ರು ಎಲ್ಲಾ ಅಲ್ಲಿಗೆ ಊಟ ಒಯ್ದು ಕೊಡ್ತಾರಂತ."

"ಬೇಡ. ಊಟ ಕೊಟ್ಟರೆ ಡಾರ್ಲಾ ಥ್ಯಾಂಕ್ಸ್ ಅನ್ನಬೇಕಾಗುತ್ತೆ."

ಶನಿವಾರ ಹನ್ನೊಂದಕ್ಕೆ ಕಾರು ಗ್ಯಾರೇಜಿನಿಂದ ಹೊರಬಂದಾಗ ಸೂರ್ಯನಾರಾಯಣರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು. ಬನ್ನಿ ಎಂದು ಅವರನ್ನು ಯಾರೂ ಕರೆದಿರಲಿಲ್ಲ. ಮುಕ್ಕಾಲು ಗಂಟೆಯ ದಾರಿ. ಚಾನೆಲ್ ಹತ್ತಿರವಾದಂತೆ ಆ ಹಳೆಯ ವಾಸನೆ ಕಾರಿನೊಳಗೆ ಬಂತು, ಗಂಧಕದ್ದು. ಅನಸೂಯಾ ಅದನ್ನು ಮರೆತಿರಲಿಲ್ಲ.

ಗೇಟಿನ ಎದುರು ರಸ್ತೆಯ ಪಕ್ಕ ಒಂದು ಗುಡಾರ, ಮಡಿಸುವ ಕುರ್ಚಿಗಳು, ಎಂಟು ಹತ್ತು ಜನ. ನಿಖಿಲನ ಅಮ್ಮ ಎಂದು ಶ್ರಾವಣಿ ಹೇಳಿದಾಗ ಒಬ್ಬಿಬ್ಬರು ಮುಖ ತಿರುಗಿಸಿದರು. ಡಾರ್ಲಾ ಎದ್ದು ಬಂದಳು. ನಲವತ್ತು ದಾಟಿದ ಹೆಂಗಸು, ಕತ್ತರಿಸಿದ ಕೂದಲು, ಗದ್ದ ಮಾತ್ರ ತಾಯಿಯದ್ದೇ. ಅನಸೂಯಾ ಅವಳನ್ನು ಕೊನೆಯ ಸಲ ನೋಡಿದಾಗ ಅವಳಿಗೆ ಆರು ವರ್ಷ, ಅಂಗಳದಲ್ಲಿ ಸೈಕಲ್ ತುಳಿಯುತ್ತಿದ್ದಳು.

"ನಾವು ಪ್ಯಾಸಡಿನಾದಲ್ಲಿ ನಿಮ್ಮ ಪಕ್ಕದ ಮನೆಯಲ್ಲಿದ್ದೆವು," ಎಂದು ಅನಸೂಯಾ ಇಂಗ್ಲಿಷಿನಲ್ಲಿ ಶುರು ಮಾಡಿದಳು. ನಿಂತುಕೊಂಡೇ ಹೇಳಿದಳು. ನಿಮ್ಮಪ್ಪ ಕುಡಿದಿರಲಿಲ್ಲ, ಪೈಪಿನಲ್ಲಿ ಎಣ್ಣೆಯಿದೆ ಎಂದು ಬರೆಯಬೇಕಾದವರು ಬರೆದಿರಲಿಲ್ಲ, ಬರೆದಿಟ್ಟುಕೊಂಡಿದ್ದ ಪುಸ್ತಕವನ್ನು ನಾನು ಬೇಕೆಂದೇ ಅಂಗಿಯ ಜೊತೆ ಮೆಷಿನ್ನಿಗೆ ಹಾಕಿದೆ, ನನ್ನ ಗಂಡನಿಗೆ ಹೇಳದೆ ಹಾಕಿದೆ ಎಂದಳು.

"ಅದು ಹಾಗಲ್ಲ," ಎಂದರು ಸೂರ್ಯನಾರಾಯಣರು ಹಿಂದಿನಿಂದ. ಅವರು ಹೆಂಡತಿಯನ್ನು ನೋಡದೆ ಡಾರ್ಲಾಳಿಗೆ ಹೇಳಿದರು. "ಆ ಪುಸ್ತಕ ನಾನು ಎಂದೂ ಮನೆಗೆ ತರುತ್ತಿರಲಿಲ್ಲ. ಅವತ್ತು ತಂದು ಅಂಗಿಯ ಜೇಬಿನಲ್ಲಿಟ್ಟು, ಒಗೆಯುವ ಬಟ್ಟೆಯ ಮೇಲೆ ಹಾಕಿದೆ. ಇವಳು ನೋಡುತ್ತಾಳೆ, ಏನು ಮಾಡುತ್ತಾಳೆ ಎಂದು ನನಗೆ ಗೊತ್ತಿತ್ತು. ನಾನೇ ಸುಡಲು ಧೈರ್ಯವಿರಲಿಲ್ಲ."

ಅನಸೂಯಾ ಗಂಡನನ್ನು ನೋಡಿದಳು. ಒಂದೇ ಹಾಸಿಗೆಯಲ್ಲಿ ಮಲಗಿದ ಇಷ್ಟು ವರ್ಷ, ಪಾಪ ತನ್ನದೆಂದೂ ಅವರು ಸುಮ್ಮನೆ ಅದನ್ನು ಸಹಿಸಿಕೊಂಡಿದ್ದಾರೆಂದೂ ಅವಳು ನಂಬಿದ್ದಳು. ಅವರ ಮುಂದೆ ತಲೆ ತಗ್ಗಿಸಿ ನಡೆದಿದ್ದಳು. ಜಗಳಕ್ಕೆ ಇದು ಜಾಗವಲ್ಲ ಎಂದು ಸಿಟ್ಟು ನುಂಗಿಕೊಂಡಳು. ಇನ್ನು ಮನೆಯಲ್ಲಿ ಅದಕ್ಕೆ ಬೇಕಾದಷ್ಟು ದಿನಗಳಿದ್ದವು.

ಡಾರ್ಲಾ ಕೂಗಾಡಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಅಮ್ಮ ಹೋಗಿ ಆರು ವರ್ಷ ಆಯಿತು," ಎಂದಳು ಕೊನೆಗೆ. "ಅಪ್ಪ ಕುಡಿದಿದ್ದನೇ ಅಂತ ಅವಳು ಕೇಳದ ಜನ ಇಲ್ಲ. ಫೋರ್‌ಮನ್ನನ್ನು ಕೇಳಿದಳು, ಆಂಬ್ಯುಲೆನ್ಸಿನವರನ್ನು ಕೇಳಿದಳು. ಯೂನಿಯನ್ನಿನವರು ಎರಡು ವರ್ಷ ಕೇಸು ನಡೆಸಿದರು. ಕೊನೆಗೆ ಅವಳೇ ಸಾಕು ನಿಲ್ಲಿಸಿ ಅಂದಳು. ಹೌದು, ಕುಡಿದೇ ಹೋಗಿರಬೇಕು ಅಂದಳು. ಯಾಕೆ ಹಾಗಂತೀಯಾ ಅಂತ ನಾನು ಜಗಳ ಆಡಿದೆ. ಆಗ ಏನಂದಳು ಗೊತ್ತಾ?"

ಡಾರ್ಲಾ ಅನಸೂಯಾಳ ಕಡೆ ತಿರುಗಿದಳು.

"'ಬೇರೆ ಏನಾದರೂ ನಡೆದಿದ್ದರೆ ಪಕ್ಕದ ಮನೆಯ ಇಂಡಿಯನ್ ಹುಡುಗಿ ನನಗೆ ಹೇಳುತ್ತಿದ್ದಳು. ಅವಳಿಗೆ ನೋವು ಬಂದಾಗ ನಾನು ಕರೆದುಕೊಂಡು ಹೋಗಿದ್ದೆ. ಅವಳು ನನಗೆ ಸುಳ್ಳು ಹೇಳುವುದಿಲ್ಲ.' ಹಾಗಂದಳು."

ಶ್ರಾವಣಿ ಅತ್ತೆಯನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಲೊರೆಟ್ಟಾ ತನ್ನನ್ನು ಅನುಮಾನದಿಂದ ಕಾಡುತ್ತಿದ್ದಾಳೆಂದು ಅನಸೂಯಾ ಇಷ್ಟು ವರ್ಷ ಹೆದರಿದ್ದಳು. ಲೊರೆಟ್ಟಾ ತನ್ನನ್ನು ನಂಬಿದ್ದಳು ಎಂಬುದು ಅದಕ್ಕಿಂತ ದೊಡ್ಡದಾಗಿತ್ತು. ಆ ಒಂದು 'ಇಲ್ಲ'ವನ್ನು ನಂಬಿ ಅವಳು ಸತ್ತ ಗಂಡನನ್ನೇ ಕುಡುಕನೆಂದು ಒಪ್ಪಿಕೊಂಡಿದ್ದಳು.

ಡಾರ್ಲಾ ಗುಡಾರದೊಳಗೆ ಹೋಗಿ, ಗೇಟಿನ ಮುಂದೆ ನಿಲ್ಲುವವರ ಪಾಳಿಯ ಹೆಸರು ಬರೆಯುವ ಪ್ಯಾಡಿನಲ್ಲಿ ಖಾಲಿ ಹಾಳೆ ಮೇಲೆ ಬರುವಂತೆ ತಿರುವಿ ತಂದಳು. ಇನ್ನೊಂದು ಕುರ್ಚಿ ಎಳೆದು ಎದುರಿಗೆ ಕೂತಳು. ಕ್ಷಮೆಯ ಮಾತು ಅವಳು ಎತ್ತಲಿಲ್ಲ, ಇವರೂ ಕೇಳಲಿಲ್ಲ.

"ಶುರುವಿನಿಂದ ಹೇಳಿ," ಎಂದಳು. "ನಿಧಾನವಾಗಿ. ಹೆಸರು, ತಾರೀಖು, ಎಲ್ಲ."

ಸೂರ್ಯನಾರಾಯಣರು ತಾನು ಮೊದಲು ಹೇಳುತ್ತೇನೆ ಎಂದು ಮುಂದೆ ಬಂದರು. ಅನಸೂಯಾ ಕೈಯೆತ್ತಿ ತಡೆದಳು. ಮದುವೆಯಾದ ಮೇಲೆ ಅವರನ್ನು ಹಾಗೆ ತಡೆದದ್ದು ಅದೇ ಮೊದಲು. ತನ್ನ ಹೆಸರು ಹೇಳಿದಳು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

"ಪುಸ್ತಕದ ಮಾತು ಇವರು ಹೇಳುತ್ತಾರೆ. ನಾನು ನನ್ನದು ಹೇಳುತ್ತೇನೆ. ನಿಮ್ಮಮ್ಮ ನನ್ನ ಅಡುಗೆಮನೆಗೆ ಬಂದು, ನಿನಗೇನಾದರೂ ಗೊತ್ತಾ ಅಂತ ಕೇಳಿದಳು. ಇಲ್ಲ ಅಂದೆ. ನನಗೆ ಗೊತ್ತಿತ್ತು."

ಡಾರ್ಲಾ ಅಷ್ಟನ್ನೂ ಬರೆದುಕೊಂಡು, ಸಹಿಗೆಂದು ಹಾಳೆಯನ್ನು ಅವಳ ಕಡೆಗೆ ತಿರುಗಿಸಿದಳು.